ಬಟ್ಟೆ ಇಳಿಯುವ ಕಟ್ಟಡ

ಲಿಫ್ಟ್ ಮೆಕ್ಯಾನಿಕ್ ಒಂದು ಸಲ ಆಕಳಿಸಿದ್ದರಿಂದ ಇದೆಲ್ಲ ಶುರುವಾಯಿತು.

ಮನೆಯಲ್ಲಿ ಆಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ಆಕಳಿಸಿದ್ದು ಒಂದು ದೊಡ್ಡ ಆಸ್ಪತ್ರೆಯ ಲಿಫ್ಟಿನ ನೆತ್ತಿಯ ಮೇಲೆ ಮಂಡಿಯೂರಿ ಕೂತು, ಕೈಯಲ್ಲಿ ಗ್ರೀಸಿನ ಡಬ್ಬಿ ಹಿಡಿದಿದ್ದಾಗ. ಬಾಯಿ ತೆರೆಯುವಾಗ ಎಚ್ಚರವಿದ್ದ, ಮುಚ್ಚುವಾಗ ಇರಲಿಲ್ಲ. ಕಣ್ಣು ಬಿಟ್ಟಾಗ ಡಬ್ಬಿ ಕೈಯಲ್ಲಿರಲಿಲ್ಲ. ಅದು ಅಷ್ಟೂ ಮಹಡಿ ಇಳಿದು, ಗುಂಡಿಯ ತಳದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಮೇಸ್ತ್ರಿಯ ಬೂಟಿನ ಪಕ್ಕ ತಲುಪಿತ್ತು.

ಮೇಸ್ತ್ರಿ ಕೂಗಾಡುವ ಮನುಷ್ಯನಲ್ಲ. ಅವನನ್ನು ಕೆಳಗೆ ಕರೆದು, ಬೂಟಿಗೆ ಸಿಡಿದ ಗ್ರೀಸನ್ನು ಹಳೆ ಪೇಪರಿನಲ್ಲಿ ಒರೆಸಿಕೊಳ್ಳುತ್ತ ಕೇಳಿದ.

"ಮನೇಲಿ ಮಲಗೋಕೆ ಜಾಗ ಇಲ್ವೇನೋ ನಿಂಗೆ?"

"ಇಲ್ಲ," ಅಂದ ಮೆಕ್ಯಾನಿಕ್.

ಮೇಸ್ತ್ರಿ ಅದನ್ನು ಉಡಾಫೆ ಅಂದುಕೊಂಡ. "ಹೋಗು. ಇವತ್ತು ಪೂರ್ತಿ ಮಲ್ಕೋ. ನಾಳೆ ಕಣ್ಣು ಬಿಟ್ಕೊಂಡು ಬಾ. ನಾಳೆನೂ ಇದೇ ಮುಖ ಹೊತ್ಕೊಂಡು ಬಂದ್ರೆ ಗೋಡೌನಿಗೆ ಹಾಕ್ತೀನಿ. ನಟ್ಟು ಬೋಲ್ಟು ಆರಿಸ್ಕೊಂಡು ಕೂತಿರು. ಅಲ್ಲಿ ನೀನು ನಿದ್ದೆ ಮಾಡಿದ್ರೆ ನಟ್ಟು ಬೀಳುತ್ತೆ, ಜನ ಬೀಳಲ್ಲ."

ಗೋಡೌನಿಗೆ ಹೋದವರು ಮತ್ತೆ ಲಿಫ್ಟ್ ಹತ್ತಿದ್ದನ್ನು ಆ ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ. ಸಂಬಳವೂ ಅಲ್ಲಿಗೆ ಹೋಗುವಾಗ ಅರ್ಧ ದಾರಿಯಲ್ಲೇ ಇಳಿದುಬಿಡುತ್ತಿತ್ತು. ಮೆಕ್ಯಾನಿಕ್ ಕೈ ತೊಳೆದು ಮನೆಗೆ ಹೊರಟ. ಮಲಗಬೇಕು. ಇವತ್ತು ಹೇಗಾದರೂ ಮಲಗಬೇಕು. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದು ಬಸ್ಸಿನಲ್ಲಿ ಕಂಬಿ ಹಿಡಿದು ಜೋಲಿ ಹೊಡೆಯುತ್ತಿದ್ದವನಿಗೆ ಅನ್ನಿಸಿತು.

ಆದರೆ ಅವನು ಮೇಸ್ತ್ರಿಗೆ ಹೇಳಿದ್ದು ನಿಜ. ಮನೆಯಲ್ಲಿ ಮಲಗಲು ಜಾಗವಿರಲಿಲ್ಲ.

ಅವನಿದ್ದದ್ದು ನಾಲ್ಕು ಮಹಡಿಯ ಹಳೆ ಕಟ್ಟಡದಲ್ಲಿ. ಅದಕ್ಕೆ ಲಿಫ್ಟ್ ಇಲ್ಲ. ಲಿಫ್ಟ್ ಇಲ್ಲದ ಕಡೆ ಲಿಫ್ಟ್ ಮೆಕ್ಯಾನಿಕ್ ಬಾಡಿಗೆಗಿರುವುದು ಅಕ್ಕಪಕ್ಕದವರಿಗೆ ಹಳಸದ ಜೋಕು. ಆ ಕಟ್ಟಡದಲ್ಲಿ ಯಾರೂ ತಳ್ಳದೆ ಮೇಲಿಂದ ಕೆಳಕ್ಕೆ ಇಳಿಯುತ್ತಿದ್ದದ್ದು ಒಂದೇ, ಮಕ್ಕಳ ಬಟ್ಟೆ. ಮೇಲಿನ ಮಹಡಿಯವರ ಮಕ್ಕಳು ದೊಡ್ಡವರು, ಕೆಳಗಿನವರ ಮಕ್ಕಳು ಚಿಕ್ಕವರು. ಅದು ಹೇಗೋ ಹಾಗೆ ಕೂಡಿಬಂದಿತ್ತು. ಮೇಲಿನ ಮಗುವಿಗೆ ಗಿಡ್ಡವಾದ ಅಂಗಿ ಒಂದು ಮಹಡಿ ಇಳಿದು ಕೆಳಗಿನ ಮಗುವಿನ ಮೈಮೇಲೆ ಕೂರುತ್ತಿತ್ತು, ಅಲ್ಲಿ ಗಿಡ್ಡವಾದ ಮೇಲೆ ಮತ್ತೊಂದು ಮಹಡಿ. ಪುಸ್ತಕಗಳೂ ಹಾಗೇ. ಒಂದು ರಟ್ಟಿನ ಪುಸ್ತಕದ ಮೂಲೆಯಲ್ಲಿ ಯಾವ ಹಲ್ಲಿನ ಗುರುತು ಯಾರ ಮಗನದು ಎಂದು ಹೇಳಬಲ್ಲವರು ಅಲ್ಲಿದ್ದರು.

ಈ ವ್ಯವಹಾರಕ್ಕೆ ಯಾರೂ ಚುನಾಯಿಸದ ಅಧ್ಯಕ್ಷೆಯೆಂದರೆ ಎರಡನೆಯ ಮಹಡಿಯ ಟೈಲರಕ್ಕ. ಪ್ರತಿ ಬಟ್ಟೆಯ ಕತ್ತಿನ ಒಳಮೈಗೆ ಅವಳು ಕೆಂಪು ದಾರದಲ್ಲಿ ಒಂದು ಗಂಟು ಹಾಕುತ್ತಿದ್ದಳು. ಅದು ಬಿದ್ದ ಮೇಲೆ ಬಟ್ಟೆ ಯಾರ ಸ್ವಂತದ್ದೂ ಅಲ್ಲ, ಕಟ್ಟಡದ್ದು. ಅದನ್ನು ಎಸೆಯುವಂತಿಲ್ಲ, ಹರಿದು ಒರೆಸುವ ಬಟ್ಟೆ ಮಾಡುವಂತಿಲ್ಲ, ಬೇಡ ಅನ್ನುವಂತಂತೂ ಇಲ್ಲವೇ ಇಲ್ಲ. ಮೆಕ್ಯಾನಿಕ್ಕಿನ ಹೆಂಡತಿ ಒಮ್ಮೆ ಮೆತ್ತಗೆ ಬೇಡ ಅಂದಿದ್ದಳು. ಟೈಲರಕ್ಕ ಎಷ್ಟೋ ದಿನ ಮೆಟ್ಟಿಲಲ್ಲಿ ಮುಖ ಕೊಡದೆ ಓಡಾಡಿ, ಕಡೆಗೆ ಅದೇ ಚೀಲವನ್ನು ಕಣ್ಣೀರಿನ ಸಮೇತ ತಂದು ಕೊಟ್ಟಿದ್ದಳು.

ಮೆಕ್ಯಾನಿಕ್ಕಿನ ಮನೆ ಮೊದಲ ಮಹಡಿಯಲ್ಲಿತ್ತು. ಅವನ ಕೆಳಗೆ ನೆಲಮಹಡಿಯ ಮನೆ ಬಹಳ ಕಾಲದಿಂದ ಖಾಲಿ. ಹಾಗಾಗಿ ಮೇಲಿಂದ ಇಳಿದದ್ದೆಲ್ಲ ಅವನ ಮನೆಗೆ ಬಂದು ನಿಲ್ಲುತ್ತಿತ್ತು, ಬಾಯಿ ಕಟ್ಟಿದ ಚರಂಡಿಯ ಹಾಗೆ. ಮಗು ಹುಟ್ಟಿದ ಮರುದಿನ ಒಂದು ಚೀಲ ಬಂತು. ಆಮೇಲೆ ಚೀಲಗಳು ತಮ್ಮ ನೆಂಟರನ್ನು ಕರೆದುಕೊಂಡು ಬಂದವು. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಅವು ಮೊದಲು ಮಂಚದ ಕೆಳಗೆ ಸೇರಿದವು, ನಂತರ ಮಂಚದ ಬುಡದಲ್ಲಿ, ಈಗ ಮಂಚದ ಮೇಲೆ. ಹೆಂಡತಿ ಮತ್ತು ಮಗು ನೆಲದ ಮೇಲೆ ಚಾಪೆಯಲ್ಲಿ ಮಲಗುತ್ತಿದ್ದರು. ಅವನು ಕುರ್ಚಿಯಲ್ಲಿ.

ಇಷ್ಟೆಲ್ಲ ಇದ್ದೂ ಮಗುವಿಗೆ ಹಾಕಲು ಅಂಗಿ ಇರಲಿಲ್ಲ. ಇದ್ದವು ಒಂದೋ ಬೊಂಬೆಗೆ ಆಗಬೇಕು, ಇಲ್ಲವೇ ಮೂರು ವರ್ಷದ ಮಗುವಿಗೆ. ಅವನ ಮಗಳು ಒಂಬತ್ತು ತಿಂಗಳವಳು. ಗುಂಡಗಿದ್ದುದರಿಂದ ಎಲ್ಲರೂ ದುಂಡಿ ಅನ್ನುತ್ತಿದ್ದರು. ದುಂಡಿಗೆ ಹಿಡಿಸುವ ಅಳತೆ ಮಾತ್ರ ಆ ರಾಶಿಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ.

ಅವನು ಬಾಗಿಲು ತೆರೆದಾಗ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಚಪ್ಪಲಿ ಹುಡುಕುತ್ತಿದ್ದಳು. ಅವಳದ್ದು ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವ ಕೆಲಸ. ದಾರಿಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಯೊಬ್ಬರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು.

"ಯಾಕೆ ಬಂದೆ?"

"ಮಲಗೋಕೆ ಕಳಿಸಿದ್ರು."

"ಕೆಲಸದಿಂದ ತೆಗೆದ್ರಾ?"

"ಇವತ್ತು ಮಲಗದಿದ್ರೆ ತೆಗೀತಾರೆ."

ಅವಳು ಅವನ ಮುಖ ನೋಡಿದಳು, ಮಂಚ ನೋಡಿದಳು, ಮಗುವನ್ನು ಅವನ ಕೈಗಿಟ್ಟಳು. "ಅಜ್ಜಿಗೆ ಮೈ ಸರಿಯಿಲ್ವಂತೆ, ಈಗಷ್ಟೇ ಫೋನ್ ಬಂತು. ರಜ ಹಾಕೋದಾ ಅಂತ ಯೋಚಿಸ್ತಿದ್ದೆ. ನೀನೇ ಬಂದ್ಯಲ್ಲ, ಒಳ್ಳೇದಾಯ್ತು." ಬಾಗಿಲ ಹತ್ತಿರ ಹೋಗಿ ತಿರುಗಿದಳು. "ನನಗೂ ನೆಲದಲ್ಲಿ ಮಲಗಿ ಮಲಗಿ ಸೊಂಟ ಹೋಗಿದೆ. ಸಂಜೆ ಬರೋ ಹೊತ್ತಿಗೆ ನನಗೆ ಮಂಚ ಕಾಣ್ಬೇಕು. ಹೇಗೆ ಮಾಡ್ತೀಯೋ ಗೊತ್ತಿಲ್ಲ."

ಅವಳು ಜೋರು ಮಾಡಲಿಲ್ಲ. ಜೋರು ಮಾಡಲು ಬೇಕಾಗುವಷ್ಟು ಶಕ್ತಿ ಆ ಮನೆಯಲ್ಲಿ ಯಾರಲ್ಲೂ ಇರಲಿಲ್ಲ, ದುಂಡಿಯೊಬ್ಬಳನ್ನು ಬಿಟ್ಟು.

ಅವನ ಮೊದಲ ಉಪಾಯ ಸರಳವಾಗಿತ್ತು. ಚೀಲಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಗೆ ಸಾಗಿಸಿದ. ಒಂದು ಕೈಯಲ್ಲಿ ದುಂಡಿ, ಇನ್ನೊಂದರಲ್ಲಿ ಚೀಲ. ಕಡೆಯ ಚೀಲ ಇಳಿಸಿ, ಮೇಲೆ ಬಂದು, ದುಂಡಿಯನ್ನು ಗೋಡೆಯ ಕಡೆಗೆ ಮಲಗಿಸಿ, ತಾನೂ ಮಂಚದ ಮೇಲೆ ಬೆನ್ನು ಚಾಚಿದ. ಬೆನ್ನಿಗೆ ಮೊದಮೊದಲು ನಂಬಿಕೆಯೇ ಬರಲಿಲ್ಲ. ನಂತರ ಅದು ಒಂದೊಂದೇ ಮೂಳೆಯಾಗಿ ಇಳಿದು ಹಾಸಿಗೆಗೆ ಅಂಟಿಕೊಂಡಿತು.

ಯಾರೋ ಬಾಗಿಲು ದಬದಬ ಬಡಿದರು.

"ತಮ್ಮಾ, ಬಾಗಿಲು ತೆಗಿ. ನಿನ್ನ ಪುಣ್ಯ ದೊಡ್ಡದು."

ಟೈಲರಕ್ಕ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಏದುಸಿರು ಬಿಡುತ್ತಿದ್ದಳು. ಕತ್ತಿನಲ್ಲಿ ಅಳತೆಯ ಟೇಪು ಹಾವಿನ ಹಾಗೆ ಜೋತುಬಿದ್ದಿತ್ತು.

"ಮೆಟ್ಟಿಲ ಕೆಳಗೆ ಬಿದ್ದಿತ್ತು ನೋಡು. ಯಾರೋ ನಿನ್ನ ಬಾಗಿಲಿಂದ ಎತ್ಕೊಂಡು ಹೋಗಿದಾರೆ. ನಾನು ದಾರ ನೋಡಿ ಗುರುತು ಹಿಡಿದೆ. ಬಾ, ಇನ್ನೂ ಇದಾವೆ, ಕೈ ಕೊಡು."

ತಾನೇ ಇಳಿಸಿದ್ದನ್ನು ತಾನೇ ಹತ್ತಿಸುವ ಕೆಲಸ ಲಿಫ್ಟ್ ಮೆಕ್ಯಾನಿಕ್ಕಿಗೆ ಹೊಸದಲ್ಲ, ಆದರೆ ಲಿಫ್ಟ್ ಇಲ್ಲದೆ ಮಾಡಿದ್ದು ಇದೇ ಮೊದಲು. ಚೀಲಗಳು ಮತ್ತೆ ಮಂಚದ ಮೇಲೆ ಕೂತವು. ಟೈಲರಕ್ಕ ಕುರ್ಚಿಯಲ್ಲಿ ಕೂತಳು. ದುಂಡಿಯ ಮೈಮೇಲಿನ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದನ್ನ ಅಂಗಡೀಲಿ ಕೊಂಡ್ರಾ?"

"ಹೂಂ ಅಕ್ಕ. ಬೇರೆ ಯಾವ್ದೂ ಹಿಡಿಸ್ತಿರ್ಲಿಲ್ಲ."

"ಇಷ್ಟು ರಾಶಿ ಇಟ್ಕೊಂಡು ಅಂಗಡಿಗೆ ಹೋಗ್ತಾರಾ ಯಾರಾದ್ರೂ? ಸರಿ, ಹೋದೆ. ಹೋದಮೇಲೆ ಎರಡು ಅಳತೆ ದೊಡ್ಡದು ತಗೋಬೇಕು, ತೋಳು ಮಡಚಬೇಕು. ಜಿಪ್ಪು ಬೇಡ, ಗಲ್ಲಕ್ಕೆ ಕಚ್ಚುತ್ತೆ. ಬೆನ್ನಿಗೆ ಗುಂಡಿ ಇರೋದಂತೂ ಮುಟ್ಲೇಬೇಡ, ಅದನ್ನ ಕಂಡುಹಿಡಿದೋನಿಗೆ ಮಕ್ಕಳೇ ಇರ್ಲಿಲ್ಲ ಅನ್ಸುತ್ತೆ. ಇನ್ನೊಂದು, ಚಳಿ ಬಟ್ಟೆ ಬೇಸಿಗೇಲಿ ಕೊಳ್ಳು. ಅಗ್ಗಕ್ಕೆ ಕೊಡ್ತಾರೆ."

"ಚಳಿಗಾಲ ಬರೋ ಹೊತ್ತಿಗೆ ಇವಳು ಅದರೊಳಗೆ ಹಿಡಿಸ್ತಾಳಾ ಅಕ್ಕ?"

"ಅದಕ್ಕೇ ಹೇಳಿದ್ದು, ಎರಡು ಅಳತೆ ದೊಡ್ಡದು. ನೀನು ಕೇಳಿಸ್ಕೊಳ್ತಿಲ್ಲ."

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಕಣ್ಣು ತೆರೆದೇ ನಿದ್ದೆ ಮಾಡುವುದು ಸಾಧ್ಯವೇ ಎಂದು ನೋಡುತ್ತಿದ್ದ.

ಟೈಲರಕ್ಕ ಹೋದ ಮೇಲೆ ಅವನು ಎರಡನೆಯ ಉಪಾಯಕ್ಕೆ ಕೈ ಹಾಕಿದ. ಕಟ್ಟಡದೊಳಗೆ ಎಲ್ಲಿಟ್ಟರೂ ಕೆಂಪು ದಾರ ಕೂಗುತ್ತದೆ, ಹೊರಗೆ ಒಯ್ಯಬೇಕು. ಎರಡು ರಸ್ತೆ ದಾಟಿದರೆ ಒಂದು ಚಿಕ್ಕ ಕ್ಲಿನಿಕ್ಕು, ಅದರ ಗೇಟಿನ ಪಕ್ಕ ಹಳೆ ಬಟ್ಟೆ ಹಾಕುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಮಂಚದ ಹಿಂದೆ ಒಂದು ತಳ್ಳುಗಾಡಿಯಿತ್ತು. ಮಗುವನ್ನು ಕೂರಿಸುವ ಅದೂ ಮೇಲಿಂದಲೇ ಇಳಿದು ಬಂದದ್ದು. ಒಂದು ಚಕ್ರ ತನಗಿಷ್ಟ ಬಂದ ಕಡೆಗೆ ಹೋಗುತ್ತಿತ್ತು. ಅದರಲ್ಲಿ ಚೀಲಗಳನ್ನು ಪೇರಿಸಿ, ದುಂಡಿಯನ್ನು ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡು, ಬೀಗ ಹಾಕಿ ಹೊರಟ.

ಮಗುವಿನ ಗಾಡಿಯಲ್ಲಿ ಗಂಟುಮೂಟೆ, ಎದೆಯ ಮೇಲೆ ಮಗು, ಕಣ್ಣು ಕೆಂಪಾದ ಗಂಡಸು. ಬೀದಿಯ ತಿರುವಿನಲ್ಲಿ ಚಪ್ಪಲಿ ಹೊಲಿಸಿಕೊಳ್ಳುತ್ತಿದ್ದ ಮುದುಕರೊಬ್ಬರು ಒಂಟಿಗಾಲಲ್ಲಿ ನಿಂತೇ ಅವನ ತೋಳು ಹಿಡಿದರು.

"ಮನೆ ಬಿಟ್ಟು ಹೊರಟ್ಯಾ?"

"ಇಲ್ಲ ತಾತ, ಬಟ್ಟೆ ಹಾಕೋಕೆ ಹೋಗ್ತಿದೀನಿ."

"ಎಲ್ರೂ ಹಾಗೇ ಹೇಳೋದು. ನಾನೂ ಒಂದ್ಸಲ ಹೀಗೇ ಹೊರಟಿದ್ದೆ. ಬಸ್ ಸ್ಟಾಂಡಿನವರೆಗೂ ಹೋಗಿ ವಾಪಸ್ ಬಂದೆ."

"ಯಾಕೆ?"

"ಮಗು ನನ್ನ ಹತ್ರ, ಹಾಲಿನ ಬಾಟ್ಲಿ ಅವಳ ಹತ್ರ. ಹೋಗಪ್ಪ, ಮನೆಗೆ ಹೋಗು. ತಪ್ಪು ನಿಂದೇ ಅನ್ನು, ಮುಗೀತು."

"ತಪ್ಪು ನಂದೇ ತಾತ," ಅಂದು ಮೆಕ್ಯಾನಿಕ್ ತೋಳು ಬಿಡಿಸಿಕೊಂಡ.

ಪೆಟ್ಟಿಗೆಯ ಬಾಯಿ ಚಿಕ್ಕದು. ಚೀಲಗಳು ಹಿಡಿಸಲಿಲ್ಲ. ಬಟ್ಟೆಗಳನ್ನು ಬಿಡಿಬಿಡಿಯಾಗಿ ತುರುಕಲು ಅವನಿಗೆ ತಾಳ್ಮೆಯಿರಲಿಲ್ಲ. ಎಲ್ಲವನ್ನೂ ಪೆಟ್ಟಿಗೆಯ ಕಾಲಬುಡದಲ್ಲಿ ಒಪ್ಪವಾಗಿ ಜೋಡಿಸಿಟ್ಟ. ತಿರುಗಿ ಬರುವಾಗ ಖಾಲಿ ಗಾಡಿ ಗಾಳಿಯಲ್ಲಿ ತೇಲಿದ ಹಾಗೆ ಓಡಿತು. ದುಂಡಿ ಎದೆಯ ಮೇಲೆ ನಿದ್ದೆ ಹೋದಳು. ಅವಳ ಜೊಲ್ಲು ಅಂಗಿಯೊಳಗೆ ಇಳಿಯುತ್ತಿತ್ತು. ಒರೆಸಿದರೆ ಎದ್ದಾಳೆಂದು ಅವನು ಇಳಿಯಲು ಬಿಟ್ಟ. ದಾರಿಯಲ್ಲಿ ಒಂದು ಮರದ ಕೆಳಗೆ ಕಲ್ಲು ಬೆಂಚು ಕಂಡಿತು. ಕೂತರೆ ಅಲ್ಲೇ ರಾತ್ರಿಯಾಗುತ್ತದೆ ಎಂಬ ಭಯಕ್ಕೆ ಕೂರದೆ ಅದರ ಬೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತ. ಆ 'ಸ್ವಲ್ಪ ಹೊತ್ತು' ಎಷ್ಟಾಯಿತೋ, ಎಚ್ಚರವಾದಾಗ ನೆರಳು ಬೆಂಚನ್ನು ಬಿಟ್ಟು ಆಚೆ ಹೋಗಿತ್ತು.

ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಸಭೆ ಸೇರಿತ್ತು.

ಟೈಲರಕ್ಕನ ಹತ್ತಿರ ಕಟ್ಟಡದ ಎಲ್ಲ ಮನೆಗಳ ಎರಡನೆಯ ಬೀಗದಕೈ ಇರುತ್ತಿತ್ತು. ಇದು ಕೂಡ ಯಾರೂ ಚುನಾಯಿಸದೆ ಬಂದ ಅಧಿಕಾರ. ಅವಳು ಕುರ್ಚಿಯಲ್ಲಿದ್ದಳು. ನಾಲ್ಕನೆಯ ಮಹಡಿಯ ನರ್ಸಮ್ಮ ಯೂನಿಫಾರ್ಮಿನಲ್ಲೇ ಕಿಟಕಿಗೆ ಒರಗಿ ನಿಂತಿದ್ದರು. ಮೂರನೆಯ ಮಹಡಿಯ ಡ್ರಾಯಿಂಗ್ ಮೇಷ್ಟ್ರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಬಾಗಿಲ ಹತ್ತಿರ ಅತ್ತಿಂದಿತ್ತ ತಿರುಗುತ್ತಿದ್ದರು. ಮಂಚದ ಮೇಲೆ ಚೀಲಗಳಿದ್ದವು. ಎಲ್ಲವೂ ಇದ್ದವು. ಗುರುತಿಲ್ಲದ ಹೊಸ ಚೀಲವೂ ಒಂದಿತ್ತು.

"ಕಳ್ಳ ಸಿಕ್ಕಿದ್ದ, ಸ್ವಲ್ಪದರಲ್ಲಿ ತಪ್ಪಿಸ್ಕೊಂಡ," ಅಂದರು ನರ್ಸಮ್ಮ. ಅವರ ಕೆಲಸ ಅದೇ ಕ್ಲಿನಿಕ್ಕಿನಲ್ಲಿ ಎಂಬುದನ್ನು ನಿದ್ದೆಗೆಟ್ಟ ತಲೆ ಅಲ್ಲಿಯವರೆಗೂ ನೆನಪಿಗೆ ತಂದಿರಲಿಲ್ಲ. "ಬೆಳಗಿನ ಡ್ಯೂಟಿ ಮುಗಿಸಿ ಗೇಟಿಗೆ ಬರ್ತೀನಿ, ನಮ್ಮ ಬಟ್ಟೆ. ಕೆಂಪು ದಾರ. ನನ್ನ ಮಗ ಮೊದಲ ಸಲ ನಡೆದಾಗ ಹಾಕಿದ್ದ ಚಡ್ಡಿ ಮೇಲ್ಗಡೆನೇ ಇದೆ. ನನಗೆ ಕೈಕಾಲೇ ಆಡ್ಲಿಲ್ಲ. ಸ್ಕೂಟರಲ್ಲಿ ಮೂರು ಸಲ ಓಡಾಡಿದೀನಿ."

"ಬೆಳಿಗ್ಗೆ ಮೆಟ್ಟಿಲ ಕೆಳಗೆ ಬಚ್ಚಿಟ್ಟ. ನಾನು ಹಿಡಿದೆ. ಮಧ್ಯಾಹ್ನ ಬೀಗ ತೆಗೆದೇ ಒಳಗೆ ಬಂದಿದಾನೆ," ಅಂದಳು ಟೈಲರಕ್ಕ. "ಬೀಗ ಮುರಿದಿಲ್ಲ. ಗೊತ್ತಿರೋನೇ."

"ಆದ್ರೆ ಕದ್ದಿದ್ದನ್ನ ತಗೊಂಡು ಹೋಗಿ ದಾನದ ಪೆಟ್ಟಿಗೆ ಹತ್ರ ಯಾಕಿಟ್ಟ?" ಅಂದರು ಮೇಷ್ಟ್ರು.

"ಮನಸ್ಸಾಕ್ಷಿ ಚುಚ್ಚಿರುತ್ತೆ," ಅಂದಳು ಟೈಲರಕ್ಕ.

ಮೂವರೂ ಮೆಕ್ಯಾನಿಕ್ಕಿನ ಕಡೆ ನೋಡಿದರು. ಅವನ ಮನಸ್ಸಾಕ್ಷಿಗೆ ಚುಚ್ಚಿಸಿಕೊಳ್ಳುವಷ್ಟೂ ಎಚ್ಚರವಿರಲಿಲ್ಲ. "ಇರಬಹುದು," ಅಂದ.

"ನೋಡು ಎಷ್ಟು ಹೆದರಿದಾನೆ ಪಾಪ, ಮುಖ ಬಿಳಚಿಕೊಂಡಿದೆ," ಎಂದರು ನರ್ಸಮ್ಮ. "ಬೇಜಾರು ಮಾಡ್ಕೋಬೇಡಪ್ಪ. ನಮ್ಮ ಆಯಾನೂ ತನ್ನ ಮೊಮ್ಮಗನ ಬಟ್ಟೆ ಒಂದು ಚೀಲ ಸೇರಿಸಿದಾಳೆ. ನಿಮ್ಮ ಕಟ್ಟಡದೋರು ಎಷ್ಟು ಚೆನ್ನಾಗಿ ನೋಡ್ಕೊಳ್ತೀರಿ ಅಂತ ಅವಳಿಗೂ ಆಸೆಯಾಯ್ತು."

ಮನೆಯನ್ನು ಒಂಟಿಯಾಗಿ ಬಿಡಬಾರದು ಎಂದು ತೀರ್ಮಾನವಾಯಿತು. ಟೈಲರಕ್ಕನಿಗೆ ಹೊಲಿಗೆಯ ಗಿರಾಕಿ ಕಾಯುತ್ತಿದ್ದಳು, ನರ್ಸಮ್ಮನಿಗೆ ಮಲಗಬೇಕಿತ್ತು. ಮಲಗುತ್ತೇನೆ ಎಂದು ಅವರು ಹೇಳಿ ಮೇಲೆ ಹೋದದ್ದನ್ನು ಮೆಕ್ಯಾನಿಕ್ ಕಣ್ಣು ಕೀಲಿಸಿ ನೋಡಿದ. ಕಾವಲಿಗೆ ಮೇಷ್ಟ್ರು ಉಳಿದರು. ಅವರಿಗೆ ಶಾಲೆಗೆ ರಜ.

"ನನಗೆ ಕಾವಲು ಬೇಡ ಮೇಷ್ಟ್ರೇ. ನಾನು ಇಲ್ಲೇ ಇರ್ತೀನಲ್ಲ, ಸುಮ್ನೆ ಮಲಗ್ತೀನಿ."

"ನೀನು ಮಲಗಿದ್ರೆ ಕಳ್ಳ ಬರಲ್ವಾ?" ಮೇಷ್ಟ್ರು ಕುರ್ಚಿಯಲ್ಲಿ ಕೂತು ದುಂಡಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅವಳು ಎಚ್ಚರವಾಗಿದ್ದಳು, ಸಭೆಗಳೆಂದರೆ ಅವಳಿಗೆ ಇಷ್ಟ. "ಬಂದಿದೀನಲ್ಲ, ಒಂದು ವಿಷಯ ಕೇಳ್ತೀನಿ. ಮಗೂಗೆ ಓದಿ ಹೇಳ್ತೀಯಾ ದಿನಾ?"

"ಹೇಳ್ತೀನಿ."

"ಹೇಗೆ ಹೇಳ್ತೀಯ?"

"ಓದ್ತೀನಿ."

"ಅದೇ ತಪ್ಪು. ಓದೋದು ಅಂದ್ರೆ ಓದೋದಲ್ಲ. ನಟನೆ. ಕರಡಿ ಬಂದ್ರೆ ನೀನು ಕರಡಿ ಆಗ್ಬೇಕು. ಮೊದಲು ಬಟ್ಟೆ ಪುಸ್ತಕ, ಆಮೇಲೆ ರಟ್ಟಿಂದು, ಕಾಗದದ್ದು ಕೊನೆಗೆ. ಹೊಸದು ಹೊಸದು ತರ್ತಾನೇ ಇರಬೇಡ, ಒಂದೇ ಪುಸ್ತಕ ಇಟ್ಕೊಂಡು ಓದು. ಕಚ್ಚಿದ್ರೆ ಕಚ್ಚಲಿ. ನಿದ್ದೆ ಬರಿಸೋಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ. ನೋಡ್ತಾ ಇರು."

ಬೂಟು ಕಳೆದುಕೊಂಡ ಕರಡಿಯೊಂದರ ಕತೆಯನ್ನು ಮೇಷ್ಟ್ರು ಶುರುಮಾಡಿದರು. ಕರಡಿಯ ಗಂಟಲು, ಇಲಿಯ ಗಂಟಲು, ಬೂಟಿನ ಗಂಟಲು ಕೂಡ. ದುಂಡಿ ಕೇಕೆ ಹಾಕಿದಳು. ಕತೆ ಮುಗಿಯಿತು. ಮತ್ತೆ ಮೊದಲಿಂದ. ಎರಡನೆಯ ಸಲ ಕರಡಿಯ ದನಿ ತಗ್ಗಿತು. ಮತ್ತೊಂದು ಸುತ್ತಿನಲ್ಲಿ ಇಲಿ ಮತ್ತು ಕರಡಿ ಒಂದೇ ಗಂಟಲಲ್ಲಿ ಮಾತಾಡಿಕೊಂಡವು. ಆಮೇಲೆ ಗೊರಕೆ ಕೇಳಿಸಿತು. ಅದೂ ಕರಡಿಯದೇ ಇರಬೇಕು ಎಂದು ಮೆಕ್ಯಾನಿಕ್ ಕಾದು ನೋಡಿದ. ಅಲ್ಲ. ಮೇಷ್ಟ್ರು ನಿದ್ದೆ ಹೋಗಿದ್ದರು. ಔಷಧಿಯ ಬಗ್ಗೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಕುಡಿದವರು ಮಾತ್ರ ಬೇರೆ. ಈಗ ಮನೆಯಲ್ಲಿ ಮಂಚದ ಮೇಲೆ ಚೀಲ, ಕುರ್ಚಿಯ ಮೇಲೆ ಮೇಷ್ಟ್ರು, ನೆಲದ ಮೇಲೆ ಕರಡಿಯ ಪುಸ್ತಕ ಕಚ್ಚುತ್ತಿರುವ ದುಂಡಿ. ಅವನು ಗೋಡೆಗೆ ಒರಗಿ ನಿಂತ, ಬಾಗಿಲ ಹಿಂದಿನ ಕೊಡೆಯ ಹಾಗೆ.

ಆಗ ಕೆಳಗೆ ಏನೋ ಎಳೆದ ಸದ್ದು ಕೇಳಿತು. ಕಿಟಕಿಯಲ್ಲಿ ಬಗ್ಗಿ ನೋಡಿದ.

ನೆಲಮಹಡಿಯ ಮನೆಯ ಬಾಗಿಲು ತೆರೆದಿತ್ತು. ಹೊರಗೆ ಒಂದು ಬೀರು, ಸುತ್ತಿಟ್ಟ ಹಾಸಿಗೆ, ಪಾತ್ರೆಯ ಪೆಟ್ಟಿಗೆಗಳು. ಲಾರಿ ಇನ್ನೊಂದು ಲೋಡಿಗೆ ಹೊರಟು ನಿಂತಿತ್ತು. ಹೊಸಿಲ ಮೇಲೆ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತು ಲಾರಿಯಲ್ಲಿ ಕೂತ ಗಂಡನಿಗೆ ಏನೋ ಹೇಳುತ್ತಿದ್ದಳು. ಅವಳು ತುಂಬು ಬಸುರಿ.

ಮೆಕ್ಯಾನಿಕ್ ಆ ಹೊಟ್ಟೆಯನ್ನು ನೋಡಿದ ಹಾಗೆ ಹೆತ್ತವರೂ ಯಾರ ಹೊಟ್ಟೆಯನ್ನೂ ನೋಡಿರಲಾರರು. ಅವನ ಕೆಳಗೆ ಒಂದು ಮನೆ ತೆರೆದಿತ್ತು. ಅವನ ಮಗುವಿಗಿಂತ ಚಿಕ್ಕದೊಂದು ಮಗು ಭೂಮಿಗೆ ಬರಲಿತ್ತು. ಇನ್ನು ಕದ್ದು ಸಾಗಿಸುವ ಅಗತ್ಯವೇ ಇಲ್ಲ. ಪದ್ಧತಿಯ ಪ್ರಕಾರ, ಕೆಂಪು ದಾರದ ಸಾಕ್ಷಿಯಾಗಿ, ಬಟ್ಟೆ ಒಂದು ಮಹಡಿ ಇಳಿಯಬೇಕು.

ಅವನಿಗೆ ಆ ಶಕ್ತಿ ಎಲ್ಲಿಂದ ಬಂತೋ. ದುಂಡಿಯನ್ನು ಎದೆಗೆ ಕಟ್ಟಿ, ಮೇಷ್ಟ್ರು ಏಳದ ಹಾಗೆ ತುದಿಗಾಲಲ್ಲಿ ಓಡಾಡಿ, ಅಷ್ಟೂ ಚೀಲಗಳನ್ನು ಕೆಳಗಿಳಿಸಿ ಹೊಸ ಮನೆಯ ಬಾಗಿಲಲ್ಲಿ ಪೇರಿಸಿದ.

"ನಮಸ್ಕಾರ. ನಾವು ಮೇಲಿನ ಮನೆಯೋರು. ಇದು ನಿಮಗೆ."

ಹೆಂಗಸು ಚೀಲಗಳನ್ನು ನೋಡಿದಳು. "ಏನಣ್ಣ ಇದು?"

"ಮಗು ಬಟ್ಟೆ, ಪುಸ್ತಕ. ಇಲ್ಲಿ ಒಂದು ಪದ್ಧತಿ ಇದೆ. ಮೇಲಿನ ಮಗು ಬಿಟ್ಟಿದ್ದು ಕೆಳಗಿನ ಮಗೂಗೆ. ಯಾರೂ ಕೊಳ್ಳೋ ಹಾಗಿಲ್ಲ, ಯಾರೂ ಬೇಡ ಅನ್ನೋ ಹಾಗಿಲ್ಲ."

"ಅಯ್ಯೋ, ನಮ್ಮ ಹತ್ರ ಈಗಾಗ್ಲೇ…"

"ಸಂಕೋಚ ಬೇಡ," ಅಂದ ಮೆಕ್ಯಾನಿಕ್. ಬೆಳಗಿನಿಂದ ಅವನ ಬಾಯಿಯಿಂದ ಇಷ್ಟು ಗಟ್ಟಿಯಾದ ಮಾತು ಹೊರಟಿರಲಿಲ್ಲ. "ಮೊದಮೊದಲು ಎಲ್ರೂ ಹಾಗೇ ಅಂತಾರೆ. ಮಗು ಬಂದಮೇಲೆ ಗೊತ್ತಾಗುತ್ತೆ ಎಷ್ಟು ಬೇಕು ಅಂತ. ನೀವು ಅಂಗಡಿಗೆ ಹೋದ್ರೂ ಎರಡು ಅಳತೆ ದೊಡ್ಡದೇ ತಗೊಳ್ಳಿ. ಜಿಪ್ಪು ಬೇಡ. ಬೆನ್ನಿಗೆ ಗುಂಡಿ ಬೇಡವೇ ಬೇಡ."

"ಹೌದಾ," ಅಂದಳು ಅವಳು.

ಅವನಿಗೆ ಹುರುಪು ಬಂತು. ಒಂಬತ್ತು ತಿಂಗಳು ಕೇಳಿಸಿಕೊಂಡವನಿಗೆ ಹೇಳುವ ಸರದಿ ಈಗ ಬಂದಿತ್ತು, ಅದೂ ನಿಂತು ಕೇಳುವವರ ಎದುರು. ರಟ್ಟಿನ ಪುಸ್ತಕಕ್ಕಿಂತ ಮೊದಲು ಬಟ್ಟೆಯ ಪುಸ್ತಕ ಯಾಕೆ, ಒಂದೇ ಪುಸ್ತಕ ಯಾಕೆ, ಕರಡಿ ಬಂದಾಗ ಗಂಟಲು ಎಲ್ಲಿಂದ ತೆಗೆಯಬೇಕು, ಎಲ್ಲ ಹೇಳಿದ. ಒಂದು ಸಲ ಕರಡಿಯ ದನಿ ತೆಗೆದೂ ತೋರಿಸಿದ. ದುಂಡಿ ಬೆದರಿ ಅತ್ತಳು.

"ಇದೇ ಮೊದಲನೇದಾದ್ರೆ ಸ್ವಲ್ಪ ಕಷ್ಟ ಆಗುತ್ತೆ," ಅಂದ ಕಡೆಗೆ ಹಿರಿಯನ ಹಾಗೆ. "ಏನಾದ್ರೂ ಗೊತ್ತಾಗ್ದಿದ್ರೆ ಬಂದು ಕೇಳಿ."

ಹೆಂಗಸಿನ ತುಟಿಯ ಮೂಲೆ ಸ್ವಲ್ಪ ಅಲುಗಿತು. ಆಯಾಸ ಅಂದುಕೊಂಡ ಅವನು.

"ಕೇಳ್ತೀನಣ್ಣ," ಅಂದಳು. "ನಮ್ಮೋರು ಬರಲಿ."

ಮೇಲೆ ಬಂದಾಗ ಮೇಷ್ಟ್ರು ಎದ್ದು ಕಣ್ಣುಜ್ಜಿಕೊಳ್ಳುತ್ತಿದ್ದರು. ಖಾಲಿ ಮಂಚ ನೋಡಿ ಹೌಹಾರಿದರು. ವಿಷಯ ತಿಳಿದ ಮೇಲೆ ಅವನ ಬೆನ್ನು ತಟ್ಟಿ, "ಈಗ ನೀನು ಈ ಕಟ್ಟಡದೋನಾದೆ," ಎಂದು ಹೇಳಿ ಸುದ್ದಿಯನ್ನು ಮೇಲಿನ ಮಹಡಿಗಳಿಗೆ ಮುಟ್ಟಿಸಲು ಹೋದರು. ಅವನು ಹಾಸಿಗೆ ಕೊಡವಿದ, ಹೊಸ ಹೊದಿಕೆ ಹಾಸಿದ. ದುಂಡಿಗೆ ಹಾಲು ಕುಡಿಸಿದ, ಬಟ್ಟೆ ಬದಲಿಸಿದ, ಮತ್ತೆ ಬದಲಿಸಿದ. ಕಡೆಗೆ ಅವಳು ತೂಕಡಿಸುವ ಹೊತ್ತಿಗೆ ಹೆಂಡತಿ ಬಂದಳು.

ಅವಳು ಬಾಗಿಲಲ್ಲೇ ನಿಂತಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಮಂಚ," ಅಂದಳು.

"ಹೂಂ."

"ಎಲ್ಲಾನೂ?"

"ಎಲ್ಲಾನೂ. ಯಾರಿಗೂ ಬೇಜಾರಿಲ್ಲ. ಟೈಲರಕ್ಕನಿಗೂ ಖುಷಿ."

ಅವಳು ಬಂದು ಮಂಚದ ಅಂಚಿನಲ್ಲಿ ಕೂತಳು. ಕೈಯಿಂದ ಹೊದಿಕೆಯನ್ನು ಒಮ್ಮೆ ಸವರಿದಳು. ಹಾಗೇ ಬೆನ್ನ ಮೇಲೆ ಉರುಳಿ ಸೊಂಟ ನೆಟ್ಟಗೆ ಮಾಡಿಕೊಂಡಳು. ನಡುವೆ ದುಂಡಿ, ಆಚೆ ಅವನು. ಹೊರಗೆ ಇನ್ನೂ ಬೆಳಕಿತ್ತು. ಊಟ ಆಮೇಲೆ ಆಗಲಿ, ದೀಪ ಆಮೇಲೆ ಹಚ್ಚಿದರಾಯಿತು. ನಾಳೆ ಮೇಸ್ತ್ರಿಯ ಮುಂದೆ ಕಣ್ಣು ಅಗಲಿಸಿ ನಿಲ್ಲುತ್ತೇನೆ ಎಂದುಕೊಳ್ಳುತ್ತಿದ್ದ ಹಾಗೆ ಅವನ ಕಣ್ಣು ಮುಚ್ಚಿತು.

ಯಾರೋ ಬಾಗಿಲು ಮೆಲ್ಲಗೆ ಬಡಿದರು. ಬಹಳ ಮರ್ಯಾದಸ್ಥರು ಬಡಿಯುವ ಹಾಗೆ.

ಹೆಂಡತಿ ಎದ್ದು ತೆಗೆದಳು. ನೆಲಮಹಡಿಯ ಹೆಂಗಸು ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ. ಅವಳ ಹಿಂದೆ ತಲೆಯ ಮೇಲೆ ದೊಡ್ಡ ಮೂಟೆ ಹೊತ್ತ ಗಂಡ. ಅವನ ಹಿಂದೆ, ಮೆಟ್ಟಿಲಿಗೊಬ್ಬಳಂತೆ, ಮೂವರು ಹುಡುಗಿಯರು. ಮೂವರ ಕೈಯಲ್ಲೂ ಗಂಟುಗಳಿದ್ದವು.

"ನಮ್ಮ ಮಕ್ಕಳು," ಅಂದಳು ಹೆಂಗಸು. "ಅಜ್ಜಿ ಮನೇಲಿದ್ರು. ಎರಡನೇ ಲೋಡಿನ ಜೊತೆ ಲಾರೀಲಿ ಬಂದ್ರು. ಇದು ನಾಲ್ಕನೇದು."

ಮೆಕ್ಯಾನಿಕ್ ಮಂಚದ ಮೇಲೆ ಎದ್ದು ಕೂತ.

"ನಾನು ಒಂದು ಬಟ್ಟೇನೂ ಎಸೆದೋಳಲ್ಲ ಅಣ್ಣ. ಇವರು ದಿನಾ ಬಯ್ಯೋರು, ಲಾರೀಲಿ ಅರ್ಧ ಇದೇ ಆಗಿದೆ ಅಂತ. ಕೊಡೋಣ ಅಂದ್ರೆ ಜನ ಏನಂದ್ಕೊಳ್ತಾರೋ ಅಂತ ಭಯ. ಮಧ್ಯಾಹ್ನ ನೀವು ಬಂದು ಪದ್ಧತಿ ಹೇಳಿದ್ರಲ್ಲ, ನನ್ನ ತಲೆ ಮೇಲಿನ ಭಾರ ಇಳೀತು. ನಮ್ಮ ಕಿರಿಯೋಳು ನಿಮ್ಮ ಪಾಪುಗಿಂತ ದೊಡ್ಡೋಳು. ಹಿರಿಯೋಳು ಅವಳಿಗಿಂತ ಎಷ್ಟೋ ದೊಡ್ಡೋಳು. ನಿಮ್ಮ ಮಗು ಹೈಸ್ಕೂಲಿಗೆ ಹೋಗೋವರೆಗೂ ನೀವು ಒಂದು ಲಂಗನೂ ಕೊಳ್ಳೋ ಹಾಗಿಲ್ಲ."

"ಸ್ಕೂಲ್ ಪುಸ್ತಕ ಇನ್ನೂ ಕೆಳಗಿದೆ," ಅಂದ ಗಂಡ ಮೂಟೆಯ ಕೆಳಗಿಂದ. "ಇದನ್ನ ಎಲ್ಲಿಡ್ಲಿ?"

ಮೆಕ್ಯಾನಿಕ್ ಬಾಯಿ ತೆರೆದ. ಬೇಡ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು, ಹೆಂಡತಿಯ ಮುಖ ನೋಡಿ, ಹೆಂಗಸಿನ ಮುಖ ನೋಡಿ, ಮೇಲಿನ ಮೆಟ್ಟಿಲಲ್ಲಿ ಬಗ್ಗಿ ನೋಡುತ್ತಿದ್ದ ಟೈಲರಕ್ಕನ ಸಂತೃಪ್ತ ಮುಖವನ್ನೂ ನೋಡಿ ಒಳಗೆ ಹೋಯಿತು.

ಗಂಡನೇ ಕೋಣೆಯ ಸುತ್ತ ಕಣ್ಣಾಡಿಸಿದ. "ಪರವಾಗಿಲ್ಲ, ಮಂಚ ಖಾಲಿ ಇದೆ," ಅಂದ.

ಹೆಂಡತಿ ದುಂಡಿಯನ್ನು ಎತ್ತಿಕೊಂಡು ಗೋಡೆಗೆ ಸರಿದಳು. ಅವನ ಕಡೆ ನೋಡಲಿಲ್ಲ. ಮೆಕ್ಯಾನಿಕ್ ಕಾಲು ಕೆಳಗಿಳಿಸಿ ಎದ್ದು ನಿಂತ. ಮೂಟೆ ಹಾಸಿಗೆಯ ನಡುವೆ ಬಿತ್ತು. ಅದರ ಪಕ್ಕ ಹಿರಿಯಳ ಗಂಟು, ಕಿರಿಯಳ ಗಂಟು. ಬಸುರಿ ಹೆಂಗಸು ಉಸ್ಸೆಂದು ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಅಣ್ಣ, ಮಧ್ಯಾಹ್ನ ನೀವು ಮಕ್ಕಳಿಗೆ ಓದೋದರ ಬಗ್ಗೆ ಅಷ್ಟು ಹೇಳಿದ್ರಿ. ಆಗ ನಿಮ್ಮನ್ನ ನಿಲ್ಲಿಸಬಾರದು ಅಂತ ಸುಮ್ಮನಿದ್ದೆ," ಅಂದಳು ನಯವಾಗಿ. "ಅದ್ರಲ್ಲಿ ಬಹಳ ತಪ್ಪಿದೆ. ಕರಡಿಯಿಂದಲೇ ಶುರು ಮಾಡ್ತೀನಿ. ನೀವು ಕೂತ್ಕೊಳ್ಳಿ."

ಅವನು ಕೂರಲು ಜಾಗ ಹುಡುಕಿದ. ಮಂಚದ ಒಂದು ಮೂಲೆಯಲ್ಲಿ ಅಂಗೈಯಗಲದಷ್ಟು ಹೊದಿಕೆ ಇನ್ನೂ ಕಾಣುತ್ತಿತ್ತು. ನಡುವಿನ ಹುಡುಗಿ ಮುಂದೆ ಬಂದು ತನ್ನ ಗಂಟನ್ನು ಅಲ್ಲಿಟ್ಟಳು.